ಕೋಲಾರದ ಹೆಸರಿನ ಖನಿಜ: ಒಂದು ತಿದ್ದುಪಡಿ

ಕಳೆದ ರಾಜ್ಯೋತ್ಸವದಂದು ನಮ್ಮ ವಾಚನಾಲಯದ ಗೋಡೆಗೆ ನಾನು ಬರೆದು ಅಂಟಿಸಿದ್ದ ಹಾಳೆಯನ್ನು ಓದುಗ ಬಂಧುಗಳಲ್ಲಿ ಅನೇಕರು ನೋಡಿದ್ದೀರಿ. ‘ಜಗತ್ತಿನ ಖನಿಜಗಳ ಪಟ್ಟಿಯಲ್ಲಿ ಕನ್ನಡ ನಾಡು’ ಎಂದು ಅದರ ತಲೆಬರಹ. ಅದರಲ್ಲಿ ನಾಲ್ಕು ಹೆಸರುಗಳಿದ್ದುವು: ಮೈಸೂರಿನಿಂದ ಮೈಸೊರಿನ್, ಬಾಬಾಬುಡನ್ ಗಿರಿಯಿಂದ ಬಾಬಾಬುಡನೈಟ್, ಕೋಲಾರದಿಂದ ಕೋಲಾರೈಟ್, ಭೂವಿಜ್ಞಾನಿ ರಾಧಾಕೃಷ್ಣ ಅವರಿಂದ ರಾಧಾಕೃಷ್ಣೈಟ್. ಹಾಳೆ ಚೆನ್ನಾಗಿದೆಯೆಂದು ನಾಲ್ಕಾರು ಮಂದಿ ಹೇಳಿದರು, ನಾನೂ ಹಿಗ್ಗಿದೆ. ಆ ನಾಲ್ಕರಲ್ಲಿ ಎರಡು ಹೆಸರುಗಳು ಅಲ್ಲಿ ಇರತಕ್ಕವಲ್ಲವೆಂಬುದು ಈಗ ನನಗೆ ತಿಳಿದಿದೆ. ಗೋಡೆಯ ಮೇಲೆ ಎಲ್ಲರೆದುರಿಗೆ ಮಾಡಿದ ತಪ್ಪನ್ನು ಎಲ್ಲರೆದುರಿಗೇ ತಿದ್ದಬೇಕಾದ್ದು ನ್ಯಾಯವಾದುದರಿಂದ ಈ ಲೇಖನ.

ತಪ್ಪು ಗೊತ್ತಾದ ಬಗೆಯನ್ನೂ ಹೇಳಬೇಕು. ಒಂದು ಭಾನುವಾರ ಸಂಜೆ ನಮ್ಮ ಸದಸ್ಯರೊಬ್ಬರು ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರು ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು, ಇಲ್ಲಿ ಕಾರಖಾನೆಯೊಂದರಲ್ಲಿ ಫಿಟ್ಟರ್. ಅವರ ತಂದೆಯವರು ಗಣಿಯ ಒಳಗೆ ದುಡಿದವರು. “ಸಾರ್, ಈ ಕೋಲಾರೈಟ್ ಅನ್ನೋ ಕಲ್ಲನ್ನ ಎಲ್ಲಿ ನೋಡಬಹುದು? ನಮ್ಮ ಅಪ್ಪ ಒಡೆದು ಮೇಲೆ ಕಳಿಸಿದ್ದರಲ್ಲಿ ಇದೂ ಇದ್ದಿರಬಹುದಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವರು ಮೆಲ್ಲಗೆ, “ಗಣಿ ಮುಚ್ಚಿಹೋಯಿತು. ಹೆಸರಾದರೂ ನಿಂತಿದೆಯಲ್ಲ, ಅದು ಗಟ್ಟಿ ತಾನೆ?” ಎಂದರು. ಗಟ್ಟಿಯೋ ಅಲ್ಲವೋ ಎಂದು ಹುಡುಕಲು ಹೊರಟಾಗ ನನ್ನ ಹಾಳೆಯ ಅರ್ಧ ಕುಸಿಯಿತು. ಉಳಿದರ್ಧ ಮಾತ್ರ ಮೊದಲಿಗಿಂತ ಗಟ್ಟಿಯಾಗಿ ನಿಂತಿತು.

ನಾನು ಮೆಟ್ರಿಕ್ ಮಾತ್ರ ಓದಿದವನು; ಗಿರಣಿಯ ಕಚೇರಿಯಲ್ಲಿ ದಾಸ್ತಾನು ಪುಸ್ತಕ ಬರೆಯುವವನು. ಆದುದರಿಂದ ನನಗೆ ಅರ್ಥವಾದ ರೀತಿಯಲ್ಲೇ, ನಮಗೆಲ್ಲ ಗೊತ್ತಿರುವ ವಸ್ತುಗಳ ಉದಾಹರಣೆ ಕೊಟ್ಟು ಹೇಳುತ್ತೇನೆ.

ಬಂಡೆ ಬೇರೆ, ಖನಿಜ ಬೇರೆ

ಮೊದಲು ಈ ಎರಡು ಮಾತುಗಳನ್ನು ಬಿಡಿಸಿಕೊಳ್ಳೋಣ. ಮನೆಯಲ್ಲಿ ಮಾಡುವ ಚೂಡಾ ಇದೆಯಲ್ಲ, ಅದರಲ್ಲಿ ಅವಲಕ್ಕಿ, ಶೇಂಗಾ, ಪುಟಾಣಿ, ಒಣಕೊಬ್ಬರಿ, ಕರಿಬೇವು ಎಲ್ಲ ಇರುತ್ತವೆ. ಚೂಡಾ ಎಂಬುದು ಬಂಡೆಯ ಹಾಗೆ. ಅದರೊಳಗಿನ ಒಂದೊಂದು ಪದಾರ್ಥವೂ ಖನಿಜದ ಹಾಗೆ. ಗ್ರಾನೈಟ್ ಒಂದು ಬಂಡೆ. ಅದನ್ನು ಹತ್ತಿರದಿಂದ ನೋಡಿದರೆ ಬೆಣಚುಕಲ್ಲಿನ ಕಣ, ಫೆಲ್ಡ್‌ಸ್ಪಾರ್ ಕಣ, ಅಭ್ರಕದ ಹೊಳಪು ಬೇರೆ ಬೇರೆಯಾಗಿ ಕಾಣುತ್ತವೆ. ಅವು ಖನಿಜಗಳು.

ಬಂಡೆಗಳಿಗೆ ಹೆಸರಿಡುವಲ್ಲಿ ಸಾಕಷ್ಟು ಸಡಿಲಿಕೆ ಉಂಟು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ಬೃಹತ್ ಬಂಡೆಗಳನ್ನು ರೈಲಿನ ಕಿಟಕಿಯಿಂದ ನೋಡಿದವರು ನಮ್ಮಲ್ಲಿ ಬಹುಮಂದಿ. ಬ್ರಿಟಿಷರ ಕಾಲದಲ್ಲಿ ಆ ಊರಿಗೆ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಿಂದ ಕ್ಲೋಸ್‌ಪೇಟೆ ಎಂದಿತ್ತು. ಊರಿನ ಹೆಸರು ಬದಲಾಯಿತು. ಬಂಡೆಯನ್ನು ಮಾತ್ರ ವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ನಮ್ಮ ಗ್ರಾಂಟ್ ರೋಡಿನ ಕಥೆಯೂ ಇಂಥದೇ. ಮುಂಬಯಿಯ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್ ಅವರ ಹೆಸರನ್ನು ಹೊತ್ತ ಆ ರಸ್ತೆಗೆ ಮೌಲಾನಾ ಶೌಕತ್ ಅಲಿ ರಸ್ತೆ ಎಂದು ಹೊಸ ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೂ ಸ್ಟೇಷನ್ನಿನ ಹೆಸರು ಅದೇ. ಟ್ಯಾಕ್ಸಿಯವನಿಗೆ ನಾವು ಹೇಳುವುದೂ ಅದನ್ನೇ. ಇಂಥ ಹೆಸರುಗಳು ರೂಢಿಯಿಂದ ಬದುಕುತ್ತವೆ.

ಖನಿಜದ ಹೆಸರು ಹಾಗೆ ರೂಢಿಯಿಂದ ಬದುಕಲಾರದು. ಅದು ಸಾಕ್ಷ್ಯದ ಬಲದಿಂದ ಬದುಕಬೇಕು. ಸಾಕ್ಷ್ಯ ಕುಸಿದರೆ ಹೆಸರೂ ಕುಸಿಯುತ್ತದೆ, ಅದನ್ನಿಟ್ಟವರು ಎಷ್ಟೇ ದೊಡ್ಡವರಾಗಿರಲಿ.

ನೂಲು ಯಾವುದು, ನೇಯ್ಗೆ ಹೇಗೆ

ಹಾಗಾದರೆ ಒಂದು ಖನಿಜವನ್ನು ಇನ್ನೊಂದರಿಂದ ಬೇರೆಯೆಂದು ಹೇಳುವುದು ಹೇಗೆ? ಇದು ನನಗೆ ಗಿರಣಿಯ ಲೆಕ್ಕದಿಂದ ಸುಲಭವಾಗಿ ಹೊಳೆಯಿತು.

ಗಿರಣಿಯಲ್ಲಿ ಒಂದೊಂದು ಬಗೆಯ ಬಟ್ಟೆಗೂ ಒಂದು ಸಾರ್ಟ್ ನಂಬರ್ ಇರುತ್ತದೆ. ಅಂಗಡಿಯವರು ಬಟ್ಟೆಗೆ ಏನು ಬೇಕಾದರೂ ಹೆಸರಿಟ್ಟುಕೊಳ್ಳಲಿ, ಮೇಲೆ ಯಾವ ಛಾಪು ಬೇಕಾದರೂ ಒತ್ತಲಿ. ನಮ್ಮ ಪುಸ್ತಕದಲ್ಲಿ ಸಾರ್ಟನ್ನು ನಿರ್ಧರಿಸುವುವು ಎರಡೇ ಮಾತು. ನೂಲು ಯಾವುದು, ಅದರ ಕೌಂಟು ಎಷ್ಟು ಎಂಬುದು ಒಂದು. ಅದನ್ನು ನೇಯ್ದ ರೀತಿ ಯಾವುದು ಎಂಬುದು ಇನ್ನೊಂದು. ಒಂದೇ ನೂಲನ್ನು ಸಾದಾ ನೇಯ್ದರೆ ಒಂದು ಸಾರ್ಟು, ಟ್ವಿಲ್ ನೇಯ್ದರೆ ಮತ್ತೊಂದು. ಬಣ್ಣ ಹಾಕಿದ ಮಾತ್ರಕ್ಕೆ ನೇಯ್ಗೆ ಬೇರೆಯಾಗುವುದಿಲ್ಲ.

ಖನಿಜಕ್ಕೂ ಹೀಗೆಯೇ ಎರಡು ಲಕ್ಷಣಗಳು ಮುಖ್ಯ. ಅದು ಯಾವ ಯಾವ ಧಾತುಗಳಿಂದ, ಯಾವ ಪ್ರಮಾಣದಲ್ಲಿ ಆಗಿದೆ ಎಂಬುದು ಒಂದು, ಇದೇ ನೂಲು. ಆ ಧಾತುಗಳ ಪರಮಾಣುಗಳು ಒಳಗೆ ಯಾವ ಕ್ರಮದಲ್ಲಿ ಸಾಲುಗಟ್ಟಿವೆ ಎಂಬುದು ಎರಡು, ಇದೇ ನೇಯ್ಗೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರ್ಯಾಫೈಟೂ, ಉಂಗುರದ ವಜ್ರವೂ ಒಂದೇ ಇಂಗಾಲದಿಂದ ಆದುವು. ನೂಲು ಒಂದೇ, ನೇಯ್ಗೆ ಬೇರೆ. ಆದುದರಿಂದ ಅವು ಎರಡು ಖನಿಜಗಳು. ಇದಕ್ಕೆ ವಿರುದ್ಧವಾದ ಉದಾಹರಣೆಗೆ ಝವೇರಿ ಬಜಾರಿನ ಕಡೆ ಹೋಗಿ. ಅಲ್ಲಿ ಮಾಣಿಕ್ಯಕ್ಕೆ ಒಂದು ಬೆಲೆ, ನೀಲಕ್ಕೆ ಇನ್ನೊಂದು ಬೆಲೆ. ಜಾತಕ ನೋಡುವವರಿಗೆ ಎರಡಕ್ಕೂ ಬೇರೆ ಬೇರೆ ಗ್ರಹ. ಖನಿಜ ಶಾಸ್ತ್ರದ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ: ಕೊರಂಡಮ್. ಮಾಣಿಕ್ಯದ ಕೆಂಪು ಒಳಸೇರಿದ ಅತ್ಯಲ್ಪ ಕ್ರೋಮಿಯಮ್ಮಿನಿಂದ ಬಂದದ್ದು. ನೀಲದ ಬಣ್ಣ ಕಬ್ಬಿಣ ಮತ್ತು ಟೈಟೇನಿಯಮ್ಮಿನಿಂದ ಬಂದದ್ದು. ಬಣ್ಣ ಬೇರೆ, ಸಾರ್ಟು ಒಂದೇ. ಕೊರಂಡಮ್ ಎಂಬ ಹೆಸರಾದರೋ ನಮ್ಮ ದಕ್ಷಿಣದ ‘ಕುರುವಿಂದ’ ಎಂಬ ಮಾತಿನ ಬಳಗದ್ದೇ.

ಖನಿಜಗಳನ್ನು ವರ್ಗಗಳಾಗಿ ವಿಂಗಡಿಸುವ ಕೆಲಸವೂ ಒಂದೇ ದಿನದಲ್ಲಿ ಆಗಲಿಲ್ಲ. ಅಮೆರಿಕದ ಜೇಮ್ಸ್ ಡ್ವೈಟ್ ಡೇನಾ 1837ರಲ್ಲಿ ತಮ್ಮ ಪ್ರಸಿದ್ಧ ಗ್ರಂಥವನ್ನು ಹೊರತಂದಾಗ ಗಿಡಮರ, ಪ್ರಾಣಿಗಳಿಗೆ ಇಡುವಂತೆ ಖನಿಜಗಳಿಗೂ ಎರಡೆರಡು ಲ್ಯಾಟಿನ್ ಹೆಸರುಗಳನ್ನು ಇಟ್ಟಿದ್ದರು. ಮುಂದೆ ರಸಾಯನ ಶಾಸ್ತ್ರ ಬೆಳೆದಂತೆ, ಆ ಪದ್ಧತಿ ಸರಿಯಲ್ಲವೆಂದು ಕಂಡು, ತಾವು ಕಟ್ಟಿದ್ದನ್ನು ತಾವೇ ಕೆಡವಿ ರಾಸಾಯನಿಕ ವಿಂಗಡಣೆಗೆ ಬಂದರು. ಅಂಥ ವಿದ್ವಾಂಸರೇ ತಮ್ಮ ಪುಸ್ತಕವನ್ನು ತಿದ್ದಿಕೊಂಡ ಮೇಲೆ ನನ್ನ ಗೋಡೆಯ ಹಾಳೆ ಯಾವ ಲೆಕ್ಕ?

ಈ ವಿಂಗಡಣೆಯಲ್ಲಿ ಒಂದು ವಿಶೇಷವಿದೆ. ಖನಿಜದಲ್ಲಿರುವ ಲೋಹವನ್ನು ನೋಡಿ ಪಂಗಡ ಕಟ್ಟುವುದಿಲ್ಲ. ಆ ಲೋಹ ಯಾರ ಜೊತೆ ಕೂಡಿದೆ ಎಂಬುದನ್ನು ನೋಡಿ ಕಟ್ಟುತ್ತಾರೆ. ಗಂಧಕದೊಡನೆ ಕೂಡಿದುವು ಒಂದು ಪಂಗಡ, ಆಮ್ಲಜನಕದೊಡನೆ ಕೂಡಿದುವು ಇನ್ನೊಂದು, ಕ್ಲೋರಿನ್ ಮುಂತಾದುವುಗಳೊಡನೆ ಕೂಡಿದುವು ಮತ್ತೊಂದು. ನಾವು ಅಡಿಗೆಗೆ ಹಾಕುವ ಉಪ್ಪು ಈ ಕೊನೆಯ ಪಂಗಡದ್ದು.

ಮೈಸೊರಿನ್: ಬೆರಕೆಯನ್ನು ಒಂದೆಂದು ತಿಳಿದದ್ದು

ಈಗ ನನ್ನ ಹಾಳೆಯ ಮೊದಲ ಹೆಸರಿಗೆ ಬರೋಣ. ಈಸ್ಟ್ ಇಂಡಿಯಾ ಕಂಪೆನಿಯ ಕೆಲಸದಲ್ಲಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞರು ದಕ್ಷಿಣದಲ್ಲಿ ಸಂಚಾರ ಮಾಡಿ, ಗಿಡಗಳ ಜೊತೆಗೆ ಕಲ್ಲುಗಳನ್ನೂ ಸಂಗ್ರಹಿಸಿದರು. ಮೈಸೂರು ಸೀಮೆಯದೆಂದು ಹೇಳಲಾದ ಒಂದು ತಾಮ್ರದ ಅದಿರನ್ನು ಥಾಮಸ್ ಥಾಮ್ಸನ್ ಎಂಬ ರಸಾಯನಜ್ಞರು 1814ರಲ್ಲಿ ಪರೀಕ್ಷೆ ಮಾಡಿದರು. ಹಸಿರು ಬಣ್ಣದ ಮಾಲಕೈಟ್ ಎಂಬ ತಾಮ್ರದ ಖನಿಜ ಆಗಲೇ ಎಲ್ಲರಿಗೂ ಗೊತ್ತಿತ್ತು. ಅದರ ರಚನೆಯಲ್ಲಿ ನೀರಿನ ಅಂಶ ಸೇರಿಕೊಂಡಿರುತ್ತದೆ. ಈ ಹೊಸ ಅದಿರಿನಲ್ಲಿ ನೀರಿಲ್ಲವೆಂದು ಥಾಮ್ಸನ್ ಅವರ ಪರೀಕ್ಷೆಯಲ್ಲಿ ಕಂಡಿತು. ನೀರಿಲ್ಲದ ಮೇಲೆ ಇದು ಬೇರೆ ಜಾತಿಯೇ ಸರಿಯೆಂದು ತೀರ್ಮಾನವಾಯಿತು. ಮುಂದೆ ಅದಕ್ಕೆ ಮೈಸೂರಿನ ಹೆಸರು ಸೇರಿ ‘ಮೈಸೊರಿನ್’ ಆಯಿತು. ಯುರೋಪಿನ ಪುಸ್ತಕಗಳಲ್ಲಿ ಆ ಹೆಸರು ನೆಲೆಯಾಯಿತು.

ಆದರೆ ಕಾಲಾನಂತರ ಪರೀಕ್ಷೆ ಮಾಡಿದವರಿಗೆ ಕಂಡದ್ದು ಹೊಸ ಖನಿಜವಲ್ಲ. ಅದು ಹಳೆಯ ಮಾಲಕೈಟೇ. ಕಬ್ಬಿಣದ ತುಕ್ಕು, ಬೆಣಚಿನ ಪುಡಿ ಮುಂತಾದುವು ಬೆರೆತು ರೂಪು ಕೆಟ್ಟಿತ್ತು, ಅಷ್ಟೆ. ಹತ್ತಿಯಲ್ಲಿ ಕಸ ಬೆರೆತರೆ ತೂಕ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ. ಹಾಗೆಂದು ಅದು ಹೊಸ ಬೆಳೆಯಾಗುವುದಿಲ್ಲವಲ್ಲ. ಮೈಸೊರಿನ್ ಎಂಬ ಹೆಸರು ಪಟ್ಟಿಯಿಂದ ಹೋಯಿತು. ಈಗ ಅದು ಹಳೆಯ ಪುಸ್ತಕಗಳಲ್ಲಿ, ‘ಮಾಲಕೈಟ್ ನೋಡಿ’ ಎಂಬ ಸೂಚನೆಯ ಪಕ್ಕದಲ್ಲಿ ಮಾತ್ರ ಸಿಗುತ್ತದೆ.

ಇದರಲ್ಲಿ ಥಾಮ್ಸನ್ ಅವರ ಅಪಕೀರ್ತಿ ಏನೂ ಇಲ್ಲ. ಆ ಕಾಲದಲ್ಲಿ ಕಲ್ಲನ್ನು ಕುಟ್ಟಿ, ಆಮ್ಲದಲ್ಲಿ ಕರಗಿಸಿ, ತೂಗಿ ನೋಡುವುದೊಂದೇ ದಾರಿ. ಕುಟ್ಟಿ ಪುಡಿ ಮಾಡಿದ ಮೇಲೆ ಒಂದು ಪದಾರ್ಥವೋ ನಾಲ್ಕರ ಬೆರಕೆಯೋ ಎಂದು ಹೇಳುವುದು ಬಲು ಕಷ್ಟ.

ಬಾಬಾಬುಡನೈಟ್: ಬಹುಮತದ ಲೆಕ್ಕ

ಎರಡನೆಯ ಹೆಸರಿನ ಕಥೆ ಬೇರೆ. ಮೈಸೂರು ಸಂಸ್ಥಾನದಲ್ಲಿ ಭೂಗರ್ಭ ಶಾಸ್ತ್ರದ ಇಲಾಖೆ 1894ರಲ್ಲಿ ಆರಂಭವಾಯಿತು. ಅದರ ಮುಖ್ಯಸ್ಥರಾಗಿದ್ದ ಡಾ. ಡಬ್ಲ್ಯು. ಎಫ್. ಸ್ಮೀತ್ ಅವರು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಕಬ್ಬಿಣದ ಕಲ್ಲಿನಲ್ಲಿ ಒಂದು ನೀಲಿ ಛಾಯೆಯ ಖನಿಜವನ್ನು ಕಂಡು, 1908ರಲ್ಲಿ ಅದಕ್ಕೆ ಬಾಬಾಬುಡನೈಟ್ ಎಂದು ಹೆಸರಿಟ್ಟರು. ನಮಗೆ ಕಾಫಿಯಿಂದ ಪರಿಚಿತವಾದ ಗಿರಿಯ ಹೆಸರು ಖನಿಜ ಶಾಸ್ತ್ರಕ್ಕೂ ಹೋಯಿತು.

ಇದು ಬೆರಕೆಯಲ್ಲ, ನಿಜವಾದ ಖನಿಜವೇ. ತೊಡಕು ಇನ್ನೊಂದು ಬಗೆಯದು. ಇದು ಆಂಫಿಬೋಲ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಒಳರಚನೆಯಲ್ಲಿ ಕೆಲವು ಸ್ಥಾನಗಳಿವೆ. ಅಲ್ಲಿ ಕಬ್ಬಿಣವೂ ಕೂರಬಹುದು, ಮೆಗ್ನೀಸಿಯಮ್ಮೂ ಕೂರಬಹುದು. ನಮ್ಮ ಲೋಕಲ್ ಗಾಡಿಯ ಡಬ್ಬಿಯಂತೆ: ಬೆಂಚುಗಳು ಅವೇ, ಕೂರುವವರು ಬದಲಾಗುತ್ತಾರೆ. ಒಂದು ಕಡೆಯ ಕಲ್ಲಿನಲ್ಲಿ ಕಬ್ಬಿಣ ಹೆಚ್ಚು, ಇನ್ನೊಂದು ಕಡೆ ಮೆಗ್ನೀಸಿಯಂ ಹೆಚ್ಚು, ಮತ್ತೊಂದು ಕಡೆ ಎರಡೂ ಸಮಸಮ. ಪ್ರತಿ ಸಲ ಪ್ರಮಾಣ ಸ್ವಲ್ಪ ಬದಲಾದಾಗಲೂ ಹೊಸ ಹೆಸರಿಟ್ಟರೆ ಹೆಸರುಗಳಿಗೆ ಕೊನೆಯೇ ಇಲ್ಲ. ಹಿಂದೆ ಆದದ್ದೂ ಅದೇ. ಒಬ್ಬೊಬ್ಬ ವಿಜ್ಞಾನಿಯೂ ತನಗೆ ಸಿಕ್ಕ ಊರಿನ ಹೆಸರಿಟ್ಟು, ಕುಟುಂಬದಲ್ಲಿ ಹೆಸರುಗಳ ಜಾತ್ರೆಯೇ ನೆರೆಯಿತು.

ಇದನ್ನು ಸರಿಪಡಿಸಲು ಒಂದು ಸರಳ ಕಟ್ಟಳೆ ಮಾಡಿಕೊಂಡರು. ಆ ಸ್ಥಾನದಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿದ್ದಾರೋ ಅವರದೇ ಹೆಸರು. ಈ ನೀಲಿ ಬಗೆಯಲ್ಲಿ ಕಬ್ಬಿಣಕ್ಕೆ ಬಹುಮತವಿದ್ದರೆ ರೀಬೆಕೈಟ್. ಮೆಗ್ನೀಸಿಯಮ್ಮಿಗೆ ಬಹುಮತವಿದ್ದರೆ ಮೆಗ್ನೀಸಿಯೊ-ರೀಬೆಕೈಟ್. ಬಾಬಾಬುಡನ್ ಗಿರಿಯ ಖನಿಜ ಎರಡನೆಯ ಮನೆಗೆ ಸೇರಿತು. 1978ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ಆಂಫಿಬೋಲ್ ಕುಟುಂಬದ ಹೆಸರುಗಳನ್ನೆಲ್ಲ ಜರಡಿ ಹಿಡಿದಾಗ ಬಿಟ್ಟುಬಿಡಬೇಕಾದ ಹೆಸರುಗಳಲ್ಲಿ ಬಾಬಾಬುಡನೈಟೂ ಒಂದಾಯಿತು.

ಇದನ್ನು ಓದಿದಾಗ ನನಗೆ ಒಂದು ಕ್ಷಣ ಕೋಪವೇ ಬಂದಿತು. ನಮ್ಮ ಗಿರಿಯ ಹೆಸರನ್ನು ತೆಗೆದು ಎಲ್ಲಿಯೋ ಇರುವ ರೀಬೆಕ್ ಎಂಬಾತನ ಹೆಸರನ್ನು ಉಳಿಸುವುದೆಂದರೇನು? ಆಮೇಲೆ ಲೆಕ್ಕ ನೋಡಿದೆ. ರೀಬೆಕೈಟ್ ಎಂಬ ಹೆಸರು 1888ರದು. ನಮ್ಮದು ಇಪ್ಪತ್ತು ವರ್ಷ ಈಚಿನದು. ಮೊದಲು ಬಂದ ಹೆಸರಿಗೆ ಮರ್ಯಾದೆ ಎಂಬುದು ಎಲ್ಲೆಡೆ ಇರುವ ನ್ಯಾಯ. ಮೇಲಾಗಿ ಜರಡಿಯಲ್ಲಿ ಸೋರಿಹೋದುವು ನಮ್ಮ ಊರಿನ ಹೆಸರುಗಳಷ್ಟೇ ಅಲ್ಲ. ಯುರೋಪಿನ ಎಷ್ಟೋ ಊರುಗಳ, ಎಷ್ಟೋ ದೊಡ್ಡ ಮನುಷ್ಯರ ಹೆಸರುಗಳೂ ಹೋದುವು. ಹೆಸರು ಹೋಯಿತೇ ಹೊರತು ಗಿರಿಯೂ ಹೋಗಿಲ್ಲ, ಗಿರಿಯೊಳಗಿನ ನೀಲಿ ಖನಿಜವೂ ಹೋಗಿಲ್ಲ.

ಕೋಲಾರೈಟ್ ನಿಂತದ್ದು ಹೇಗೆ

ಈಗ ಉಳಿದ ಎರಡು. ಕೋಲಾರ ಚಿನ್ನದ ಗಣಿಯಲ್ಲಿ ಹೊಸ ಯಂತ್ರಗಳಿಂದ ಕೆಲಸ ಶುರುವಾದದ್ದು 1880ರ ಸುಮಾರಿಗೆ, ಜಾನ್ ಟೇಲರ್ ಕಂಪೆನಿಯ ಕಾಲದಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಅಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ತಮಿಳು, ತೆಲುಗು, ಕನ್ನಡ ಮಾತನಾಡುವ ಸಾವಿರಾರು ಕುಟುಂಬಗಳು ಕೂಲಿಯನ್ನರಸಿ ಆ ಊರಿಗೆ ಬಂದು ನೆಲೆಸಿದುವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಅದಿರನ್ನು ಸೋವಿಯೆತ್ ಒಕ್ಕೂಟದ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಅಭ್ಯಾಸ ಮಾಡಿದರು. ಗೆನ್ಕಿನ್, ಸಫೊನೊವ್ ಮುಂತಾದವರು ಆ ಕಡೆಯವರು, ವಿ. ಎನ್. ವಾಸುದೇವ್ ಮತ್ತು ಬಿ. ಕೃಷ್ಣರಾವ್ ನಮ್ಮ ಕಡೆಯವರು. ಅದಿರಿನ ತುಂಡುಗಳನ್ನು ಕನ್ನಡಿಯಂತೆ ನಯಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗೊತ್ತಿದ್ದ ಖನಿಜಗಳ ನಡುವೆ ಯಾವುದಕ್ಕೂ ಸರಿಹೊಂದದ ಅತಿ ಸಣ್ಣ ಕಣಗಳು ಅವರಿಗೆ ಕಂಡುವು.

ಆ ಕಣಗಳಲ್ಲಿ ಮೂರು ಧಾತುಗಳಿದ್ದುವು: ಸೀಸ, ಟೆಲ್ಲೂರಿಯಂ, ಕ್ಲೋರಿನ್. ಸೀಸ ನಮಗೆ ಗೊತ್ತು. ಕ್ಲೋರಿನ್ ಉಪ್ಪಿನಲ್ಲಿದೆ, ನಲ್ಲಿಯ ನೀರಿನಲ್ಲೂ ವಾಸನೆ ಹೊಡೆಯುತ್ತದೆ. ಟೆಲ್ಲೂರಿಯಂ ಅಪರೂಪದ್ದು, ಚಿನ್ನದ ಸಹವಾಸದಲ್ಲಿ ಆಗಾಗ ಸಿಗುತ್ತದೆ. ಅದು ಮೊದಲು ಕಂಡದ್ದೂ 1782ರಲ್ಲಿ, ಯುರೋಪಿನ ಟ್ರಾನ್ಸಿಲ್ವೇನಿಯದ ಚಿನ್ನದ ಅದಿರಿನಲ್ಲಿ. 1798ರಲ್ಲಿ ಜರ್ಮನಿಯ ಕ್ಲಾಪ್ರೋತ್ ಅವರು ಭೂಮಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಹೆಸರಿಟ್ಟರು.

ಸೀಸವೂ ಟೆಲ್ಲೂರಿಯಮ್ಮೂ ಕೂಡಿದ ಖನಿಜ ಮೊದಲೇ ಗೊತ್ತಿತ್ತು. ಅಲ್ಟಾಯ್ ಪರ್ವತದ ಹೆಸರಿನಿಂದ ಅದು ಅಲ್ಟಾಯೈಟ್. ಸೀಸವೂ ಕ್ಲೋರಿನ್ನೂ ಕೂಡಿದ್ದೂ ಗೊತ್ತಿತ್ತು. ನೇಪಲ್ಸಿನ ಕೊಟುನ್ಯೊ ಎಂಬ ವೈದ್ಯರ ಹೆಸರಿನಿಂದ ಅದು ಕೊಟುನ್ನೈಟ್. ಮೂರೂ ಒಂದೇ ಖನಿಜದಲ್ಲಿ ಕೂಡಿದ್ದು ಮಾತ್ರ ಹೊಸದು. ಪಂಗಡ ಕಟ್ಟುವವರಿಗೂ ಇದು ಯೋಚನೆಗೆ ಹಚ್ಚುವ ಖನಿಜ. ಗಂಧಕದ ಬಳಗದ ಟೆಲ್ಲೂರಿಯಮ್ಮೂ ಉಪ್ಪಿನ ಬಳಗದ ಕ್ಲೋರಿನ್ನೂ ಇಲ್ಲಿ ಒಂದೇ ಮನೆಯಲ್ಲಿವೆ.

ಇಲ್ಲಿ ಮೈಸೊರಿನ್ ಕಥೆಯನ್ನು ನೆನೆಯಬೇಕು. ಮೂರು ಧಾತುಗಳು ಕಂಡ ಮಾತ್ರಕ್ಕೆ ಹೊಸ ಖನಿಜವೆನ್ನಲಾಗದು. ಅಲ್ಟಾಯೈಟಿನ ಪುಡಿಯೂ ಕೊಟುನ್ನೈಟಿನ ಪುಡಿಯೂ ಅಂಟಿಕೊಂಡು ಕೂತಿದ್ದರೆ? ಆದರೆ 1814ಕ್ಕೂ ಈ ಕಾಲಕ್ಕೂ ನಡುವೆ ಉಪಕರಣಗಳು ಬೆಳೆದಿದ್ದುವು. ಈಗ ಕಲ್ಲನ್ನು ಕುಟ್ಟಬೇಕಾಗಿಲ್ಲ. ಕೂದಲೆಳೆಗಿಂತ ಬಹಳ ಸಣ್ಣದಾದ ಎಲೆಕ್ಟ್ರಾನ್ ಕಿರಣವನ್ನು ಒಂದೇ ಕಣದ ಮೇಲೆ ಬಿಟ್ಟರೆ, ಆ ಚುಕ್ಕೆಯಿಂದ ಹೊರಡುವ ಎಕ್ಸ್ ಕಿರಣಗಳು ಅಲ್ಲಿ ಯಾವ ಧಾತು ಎಷ್ಟಿದೆಯೆಂದು ಹೇಳುತ್ತವೆ. ಇದು ನೂಲಿನ ಪರೀಕ್ಷೆ. ಇನ್ನು ಕಣದ ಮೂಲಕ ಹಾದುಹೋಗಿ ಚದರುವ ಕಿರಣಗಳ ವಿನ್ಯಾಸವನ್ನು ನೋಡಿದರೆ ಒಳಗಿನ ಪರಮಾಣುಗಳ ಸಾಲು ಗೊತ್ತಾಗುತ್ತದೆ. ಇದು ನೇಯ್ಗೆಯ ಪರೀಕ್ಷೆ. ನಯಮಾಡಿದ ಕಣ ಬೆಳಕನ್ನು ಹಿಂದಕ್ಕೆ ಎಸೆಯುವ ಬಗೆಯೂ ಇನ್ನೊಂದು ಗುರುತು. ಹೀಗೆ ಸಾಕ್ಷ್ಯವನ್ನು ಕೂಡಿಸಿ, ಇದು ಬೆರಕೆಯಲ್ಲ, ಒಂದೇ ಖನಿಜವೆಂದು ತೋರಿಸಿದರು. ಒಂದು ಸೀಸಕ್ಕೆ ಒಂದು ಟೆಲ್ಲೂರಿಯಂ, ಎರಡು ಕ್ಲೋರಿನ್ ಇರುವುದು ಕೋಲಾರೈಟ್. ಒಂದು ಸೀಸಕ್ಕೆ ಮೂರು ಟೆಲ್ಲೂರಿಯಂ ಇದ್ದು, ಮಿಕ್ಕ ಎರಡು ಸ್ಥಾನಗಳನ್ನು ಕ್ಲೋರಿನ್ನೂ ಗಂಧಕವೂ ಹಂಚಿಕೊಂಡಿರುವುದು ರಾಧಾಕೃಷ್ಣೈಟ್.

ಸಾಕ್ಷ್ಯವಿದ್ದರೂ ಕಂಡವರು ತಮ್ಮಷ್ಟಕ್ಕೆ ಹೆಸರಿಟ್ಟು ಬಿಡುವಂತಿಲ್ಲ. ಇದಕ್ಕೊಂದು ಪಂಚಾಯಿತಿ ಉಂಟು. ಅಂತರರಾಷ್ಟ್ರೀಯ ಖನಿಜ ಶಾಸ್ತ್ರ ಸಂಘ 1958ರಲ್ಲಿ ಸ್ಥಾಪನೆಯಾಯಿತು. ಹೊಸ ಖನಿಜಗಳನ್ನೂ ಹೆಸರುಗಳನ್ನೂ ಪರಿಶೀಲಿಸುವ ಅದರ ಆಯೋಗ ಮರುವರ್ಷವೇ ಹುಟ್ಟಿತು. ಹಲವು ದೇಶಗಳ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ಮೊದಲು ವಿವರವೆಲ್ಲವನ್ನೂ ಅವರಿಗೆ ಕಳಿಸಬೇಕು, ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಆಮೇಲೆಯೇ ಪ್ರಕಟಣೆ. ಪರೀಕ್ಷೆ ಮಾಡಿದ ಮೂಲ ಮಾದರಿಯನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕು. ನಾಳೆ ಯಾರಿಗಾದರೂ ಸಂಶಯ ಬಂದರೆ ಅದನ್ನೇ ತೆಗೆದು ನೋಡಬಹುದು. ಬದುಕಿರುವವರ ಹೆಸರಿಡುವುದಾದರೆ ಅವರ ಒಪ್ಪಿಗೆ ಪಡೆಯಬೇಕು. ಈ ಪಟ್ಟಿಯಲ್ಲಿ ಇಂದು ಆರು ಸಾವಿರಕ್ಕೂ ಹೆಚ್ಚು ಖನಿಜಗಳಿವೆ. ಕೋಲಾರದ ಈ ಎರಡು ಖನಿಜಗಳ ವಿವರ 1985ರಲ್ಲಿ ಕೆನಡಾ ದೇಶದ ‘ಕೆನೇಡಿಯನ್ ಮಿನರಲಜಿಸ್ಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎರಡನೆಯ ಖನಿಜಕ್ಕೆ ಹೆಸರು ಕೊಟ್ಟ ಡಾ. ಬಿ. ಪಿ. ರಾಧಾಕೃಷ್ಣ ಅವರು 1918ರಿಂದ 2012ರವರೆಗೆ ಬಾಳಿದವರು. ಮೈಸೂರಿನ ಭೂವಿಜ್ಞಾನ ಇಲಾಖೆಯಲ್ಲಿ ದುಡಿದು ಅದರ ನಿರ್ದೇಶಕರಾದರು. ಮೇಲೆ ಹೇಳಿದ ಕ್ಲೋಸ್‌ಪೇಟೆ ಗ್ರಾನೈಟಿನ ಮೇಲೆ ಅಭ್ಯಾಸ ನಡೆಸಿದವರೂ ಅವರೇ. 1958ರಲ್ಲಿ ಬೆಂಗಳೂರಿನಲ್ಲಿ ಭಾರತ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರು. ಅದರ ಪತ್ರಿಕೆಯನ್ನು ಬಹುಕಾಲ ನಡೆಸಿದರು. 1991ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ನಮ್ಮಂಥವರು ನೆನೆಯಬೇಕಾದ್ದು ಇನ್ನೊಂದಿದೆ. ಇಂಗ್ಲಿಷಿನಲ್ಲಿ ಬರೆದು ಸುಮ್ಮನಿರದೆ, ಜನಸಾಮಾನ್ಯರಿಗೆ ನೆಲದೊಳಗಿನ ನೀರಿನ ವಿಚಾರ ತಿಳಿಯಲೆಂದು ‘ಅಂತರ್ಜಲ’ ಎಂಬ ಪುಸ್ತಕವನ್ನು ಅವರು ಕನ್ನಡದಲ್ಲಿ ಬರೆದರು.

ಕೇಳಿದ ಪ್ರಶ್ನೆಗೆ ಉತ್ತರ

ಈಗ ನಮ್ಮ ಫಿಟ್ಟರ್ ಬಂಧುಗಳ ಪ್ರಶ್ನೆಗೆ ಬರುತ್ತೇನೆ. ಕೋಲಾರೈಟನ್ನು ಅಂಗೈಯಲ್ಲಿ ಹಿಡಿದು ನೋಡುವಂತಿಲ್ಲ. ಅದು ಬರಿಯ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಸಿಕ್ಕಿದ್ದಲ್ಲ. ಅದಿರಿನ ತುಂಡಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ತೋರುವ ಚುಕ್ಕೆ. ಉಂಗುರಕ್ಕೆ ಬರುವುದಿಲ್ಲ, ಕಾರಖಾನೆಗೆ ಬೇಡ, ಪೇಟೆಯಲ್ಲಿ ಬೆಲೆಯಿಲ್ಲ. ನಿಮ್ಮ ತಂದೆಯವರು ಒಡೆದ ಕಲ್ಲಿನಲ್ಲಿ ಅದು ಇತ್ತೋ ಇಲ್ಲವೋ ಎಂದು ಯಾರೂ ಹೇಳಲಾರರು. ಇದ್ದಿದ್ದರೂ ಅವರಿಗೂ ಕಾಣುತ್ತಿರಲಿಲ್ಲ, ಮೇಸ್ತ್ರಿಗೂ ಕಾಣುತ್ತಿರಲಿಲ್ಲ. ಅದಿರನ್ನು ಪುಡಿಮಾಡಿ ಚಿನ್ನ ತೆಗೆಯುವಾಗ ಅದು ಪುಡಿಯೊಡನೆ ಪುಡಿಯಾಗಿ, ಊರಿನ ಪಕ್ಕದಲ್ಲಿ ಗುಡ್ಡವಾಗಿ ಬಿದ್ದ ಬೂದಿಮಣ್ಣಿಗೆ ಸೇರಿಹೋಗಿರಬೇಕು.

ಆದರೆ ಒಂದು ಮಾತನ್ನು ಖಂಡಿತವಾಗಿ ಹೇಳಬಹುದು. ಆ ವಿಜ್ಞಾನಿಗಳ ಮೇಜಿನ ಮೇಲೆ ಬಂದ ಅದಿರಿನ ತುಂಡು ತಾನಾಗಿ ಮೇಲೆ ಬಂದದ್ದಲ್ಲ. ಬೇರೆ ಊರುಗಳಿಂದ ಹೊಟ್ಟೆಪಾಡಿಗೆ ಬಂದು ಪಾಳಿಯ ಮೇಲೆ ಪಾಳಿ ದುಡಿದವರೇ ತಲೆಮಾರುಗಟ್ಟಲೆ ಆ ಆಳಕ್ಕೆ ದಾರಿ ತೋಡಿದವರು. ಖನಿಜಕ್ಕೆ ಅವರ ಹೆಸರನ್ನು ಇಡಲಿಲ್ಲ. ಅವರ ಊರಿನ ಹೆಸರನ್ನು ಇಟ್ಟರು. ಊರೆಂದರೆ ಅವರೂ ಸೇರಿದಂತೆಯೇ ಎಂದು ನಾನು ತಿಳಿಯುತ್ತೇನೆ. ಮತ್ತು, “ಅದು ಗಟ್ಟಿ ತಾನೆ?” ಎಂದಿರಲ್ಲ, ಹೌದು, ಗಟ್ಟಿ. ಯಾರದೋ ಅಭಿಮಾನದಿಂದ ಬಂದ ಹೆಸರಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದದ್ದು. ಇದಕ್ಕಿಂತ ಬಲವಾದ ಸಾಕ್ಷ್ಯ ತಂದವರು ಮಾತ್ರ ಅದನ್ನು ಅಳಿಸಬಲ್ಲರು; ಇಂದಿನವರೆಗೆ ಅದು ಪಟ್ಟಿಯಲ್ಲಿದೆ.

ಊರು ಬಿಟ್ಟು ಬಂದ ನಮಗೆ ಊರಿನ ಹೆಸರು ಎಲ್ಲಿ ಕಂಡರೂ ಆಸೆ. ಹೋಟೆಲಿನ ಬೋರ್ಡಿನಲ್ಲಿ ಕಂಡರೂ ನಿಂತು ನೋಡುತ್ತೇವೆ. ಆ ಆಸೆಯಲ್ಲೇ ನಾನು ನಾಲ್ಕು ಹೆಸರುಗಳನ್ನೂ ಪರೀಕ್ಷಿಸದೆ ಬರೆದೆ. ಅಳಿದ ಎರಡು ಹೆಸರುಗಳನ್ನು ಉಳಿದ ಎರಡರ ಪಕ್ಕದಲ್ಲಿ ಕೂರಿಸಿದರೆ ನಾಡಿಗೆ ಹೆಚ್ಚಿನ ಗೌರವವೇನೂ ಬರುವುದಿಲ್ಲ. ಗಟ್ಟಿಯಾದ ಹೆಸರುಗಳ ಮೇಲೂ ಓದುವವರಿಗೆ ಸಂಶಯ ಹುಟ್ಟುತ್ತದೆ. ದಾಸ್ತಾನು ಪುಸ್ತಕದಲ್ಲಿ ಇಲ್ಲದ ಎರಡು ತಾಕಾ ಬಟ್ಟೆಯನ್ನು ಇದೆಯೆಂದು ಬರೆದರೆ, ಇರುವ ತಾಕಾಗಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲವಲ್ಲ.

ಗೋಡೆಯ ಹಾಳೆಯನ್ನು ತಿದ್ದಿ ಬರೆದಿದ್ದೇನೆ. ಮೇಲೆ ಕೋಲಾರೈಟ್, ರಾಧಾಕೃಷ್ಣೈಟ್. ಕೆಳಗೆ ಒಂದು ಗೆರೆ ಎಳೆದು, ಮೈಸೊರಿನ್, ಬಾಬಾಬುಡನೈಟ್ ಎಂಬ ಹೆಸರುಗಳನ್ನೂ, ಅವು ಯಾಕೆ ಹೋದುವು ಎಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆದಿದ್ದೇನೆ. ಬಿಡುವಿದ್ದಾಗ ಬಂದು ನೋಡಿರಿ. ಇದರಲ್ಲೂ ತಪ್ಪು ಕಂಡರೆ ದಯವಿಟ್ಟು ತಿಳಿಸಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ತಿದ್ದುತ್ತೇನೆ.